ಗುರುಗಳ ಹಾಡು, ನಮ್ಮ ಬ್ಯಾಂಡು: ಕವರ್ ಕಟ್ಟುವುದು ಹೇಗೆ?

ಕವರ್ ಅಂದರೆ ಬೇರೆಯವರ ಹಾಡನ್ನು ನಮ್ಮ ದನಿ, ನಮ್ಮ ವಾದ್ಯಗಳಲ್ಲಿ ಮತ್ತೆ ನುಡಿಸುವುದು. ಬ್ಯಾಂಡ್ ಕಟ್ಟಿದ ಪ್ರತಿಯೊಬ್ಬರ ತಲೆಯಲ್ಲೂ ಒಂದು ಹಾಡು ಕೂತಿರುತ್ತದೆ. ಗಿಟಾರ್ ಕೊಳ್ಳೋದಕ್ಕೆ ಆ ಹಾಡೇ ಕಾರಣ. ನಾಲ್ಕು ಜನ ಸೇರಿದ ಮೊದಲ ದಿನವೇ ಅದನ್ನು ನುಡಿಸಲು ಹೊರಡುತ್ತಾರೆ. ಎರಡು ವಾರದಲ್ಲಿ ಕೈಬಿಡುತ್ತಾರೆ. ಅಥವಾ ಹೇಗೋ ನುಡಿಸಿ ಮುಗಿಸುತ್ತಾರೆ, ಕೇಳಿದವರಿಗೆ ಮನೆಗೆ ಹೋಗಿ ಮೂಲ ಹಾಡನ್ನೇ ಹಾಕೋಣ ಅನ್ನಿಸುತ್ತದೆ.

ನಾನು ಬೆಂಗಳೂರಿನ ಒಂದು ಸಣ್ಣ ಬ್ಯಾಂಡ್‌ನಲ್ಲಿ ರಿದಮ್ ಗಿಟಾರ್ ನುಡಿಸುತ್ತೇನೆ. ಈ ಎರಡೂ ತಪ್ಪು ನಾವು ಮಾಡಿದ್ದೇವೆ. ಆಮೇಲೆ ಒಂದು ಹಾಡಿನ ಮೇಲೆ ನಾಲ್ಕು ತಿಂಗಳು ಕೂತು ಕಲಿತೆವು. ಆ ಹಾಡು 'ಆಲ್ ಅಲಾಂಗ್ ದಿ ವಾಚ್‌ಟವರ್'. ಬರೆದು ಮೊದಲು ಹಾಡಿದವರು ಅಮೆರಿಕದ ಹಾಡುಗಾರ ಬಾಬ್ ಡಿಲನ್. ಅದನ್ನು ಎತ್ತಿಕೊಂಡು ಜಗತ್ತೇ ತಿರುಗಿ ನೋಡುವಂತೆ ನುಡಿಸಿದವರು ಅಮೆರಿಕದ ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್. ಹೆಂಡ್ರಿಕ್ಸ್‌ಗೆ ಡಿಲನ್ ಅಂದರೆ ಗುರುವಿದ್ದಂತೆ. ಅಂದರೆ ನಾವು ಮಾಡಹೊರಟ ಕೆಲಸವನ್ನೇ ಅವರೂ ಮಾಡಿದ್ದರು. ಹಾಗಾಗಿ ಈ ಲೇಖನದುದ್ದಕ್ಕೂ ಅದೇ ಹಾಡನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ನಿಮ್ಮ ಹಾಡು ಬೇರೆಯಾದರೂ ದಾರಿ ಇದೇ.

ಮೊದಲು: ಹಾಡುವವರ ಗಂಟಲು ನೋಡಿ ಹಾಡು ಆರಿಸಿ

ಸಾಮಾನ್ಯವಾಗಿ ಹಾಡು ಆರಿಸೋದು ಗಿಟಾರಿಸ್ಟ್. ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಚೆನ್ನಾಗಿದೆ ಅಂತ ಆರಿಸುತ್ತಾರೆ. ನಾವೂ ಹಾಗೇ ಒಂದು ಮೆಟಲ್ ಹಾಡು ಹಿಡಿದೆವು. ರಿಫ್ ಮೂರೇ ದಿನಕ್ಕೆ ಕೈಗೆ ಬಂತು. ಆದರೆ ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ನಮ್ಮ ಹಾಡುಗಾರನ ದನಿ ಒಡೆಯುತ್ತಿತ್ತು. ಪಾಪ, ಅವನು ಪ್ರತಿ ಸಲ ನೀರು ಕುಡಿದು ಮತ್ತೆ ನಿಲ್ಲುತ್ತಿದ್ದ. ಆ ಹಾಡನ್ನು ಬಿಡೋಣ ಅಂತ ಹೇಳೋಕೆ ನಮಗೆ ಎರಡು ತಿಂಗಳು ಬೇಕಾಯಿತು.

ಈಗ ನಾವು ಮಾಡುವ ಪರೀಕ್ಷೆ ಸುಲಭ. ವಾದ್ಯಗಳನ್ನೆಲ್ಲ ಪಕ್ಕಕ್ಕಿಡಿ. ಹಾಡುವವರು ಬರೀ ಚಪ್ಪಾಳೆ ತಾಳಕ್ಕೆ ಹಾಡಿನ ಮೊದಲಿನಿಂದ ಕೊನೆವರೆಗೆ ಹಾಡಲಿ. ಉಳಿದವರು ಕಣ್ಣು ಮುಚ್ಚಿ ಕೇಳಲಿ. ಹಾಗೆ ಕೇಳಿದಾಗಲೂ ಹಾಡು ನಿಂತರೆ ಮುಂದುವರಿಯಿರಿ. ನಿಲ್ಲದಿದ್ದರೆ ಗಿಟಾರ್ ಸದ್ದು ಬದಲಿಸುವ ಪೆಡಲ್ ಎಷ್ಟು ಜೋಡಿಸಿದರೂ ಅದು ನಿಲ್ಲೋದಿಲ್ಲ.

ವಾಚ್‌ಟವರ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದಕ್ಕೆ ಪಲ್ಲವಿಯೇ ಇಲ್ಲ. ಮೂರು ಚರಣ, ಅಷ್ಟೇ. ಒಬ್ಬ ಜೋಕರ್ ಮತ್ತು ಒಬ್ಬ ಕಳ್ಳ ಮಾತಾಡಿಕೊಳ್ಳುತ್ತಾರೆ. ಕೊನೆಯಲ್ಲಿ ಕಾವಲು ಗೋಪುರ, ದೂರದಲ್ಲಿ ಇಬ್ಬರು ಕುದುರೆ ಸವಾರರು, ಊಳಿಡುವ ಗಾಳಿ. ಮಾತಿನ ಧಾಟಿಯಲ್ಲೇ ಹಾಡಬಹುದು. ಡಿಲನ್ ಹಾಗೇ ಹಾಡಿದ್ದಾರೆ.

ಒಂದು ವಾರ ವಾದ್ಯ ಮುಟ್ಟಬೇಡಿ, ಸುಮ್ನೆ ಕೇಳಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ. ಎಲ್ಲರೂ ಓಡಿಸಿಬಿಡುವುದೂ ಇದನ್ನೇ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಸಮಯ ಬರೆಯಿರಿ, ಬಲಗಡೆ ಆ ಹೊತ್ತಿನಲ್ಲಿ ಕೇಳಿಸಿದ್ದು. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಬರೀ ಡ್ರಮ್ಸ್ ಹಿಂದೆ ಹೋಗಿ. ಎರಡನೇ ಸಲ ಬರೀ ಬೇಸ್. ಮೂರನೇ ಸಲ ಬರೀ ದನಿ. ನಾವು ಒಂದು ನಿಯಮ ಮಾಡಿಕೊಂಡಿದ್ದೆವು: ಪ್ರತಿಯೊಬ್ಬರೂ ತಮ್ಮದಲ್ಲದ ವಾದ್ಯವನ್ನು ಕೇಳಿ ಬರೆಯಬೇಕು. ನನಗೆ ಡ್ರಮ್ಸ್ ಬಂತು, ಡ್ರಮ್ಮರ್‌ಗೆ ಬೇಸ್. ಇದರಿಂದ ಆದ ಲಾಭ ದೊಡ್ಡದು. ಜ್ಯಾಮ್‌ರೂಮ್‌ಗೆ, ಅಂದರೆ ಅಭ್ಯಾಸದ ಬಾಡಿಗೆ ಕೋಣೆಗೆ, ಹೋದ ಮೇಲೆ ಯಾರೂ ಇನ್ನೊಬ್ಬರ ಮೇಲೆ ಹತ್ತಿ ನುಡಿಸಲಿಲ್ಲ.

ಹೆಂಡ್ರಿಕ್ಸ್ ರೆಕಾರ್ಡಿಂಗ್‌ನ ಮೊದಲ ಕೆಲವು ಸೆಕೆಂಡುಗಳನ್ನೇ ತೆಗೆದುಕೊಳ್ಳಿ. ಮೊದಲು ಅಕೌಸ್ಟಿಕ್ ಗಿಟಾರ್ ಗಟ್ಟಿಯಾಗಿ ಬಡಿಯುತ್ತದೆ. ನಡುನಡುವೆ ಹಲ್ಲು ಕಟಕಟ ಅಂದ ಹಾಗೆ ಒಂದು ಸದ್ದು ಬರುತ್ತದೆ. ಅದು ವೈಬ್ರಾಸ್ಲ್ಯಾಪ್ ಅನ್ನುವ ಸಣ್ಣ ತಾಳವಾದ್ಯ. ಮೇಲೆ ಎಲೆಕ್ಟ್ರಿಕ್ ಗಿಟಾರ್ ಎದ್ದು ಬರುತ್ತದೆ. ಇಷ್ಟನ್ನು ನಾನು ನೂರು ಸಲ ಕೇಳಿದ್ದೆ. ಆದರೂ ಜೊತೆಗೆ ಎಣಿಸಲು ಕೂತಾಗ ಲೆಕ್ಕ ತಪ್ಪಿತು. ನಾನು 'ಒಂದು', ಅಂದರೆ ತಾಳದ ಮೊದಲ ಪೆಟ್ಟು, ಅಂದುಕೊಂಡ ಜಾಗ ಒಂದಲ್ಲವೇ ಅಲ್ಲ. ಆ ಬಡಿತಗಳು ತಾಳವನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಬರುತ್ತವೆ. ಹಾಗಾಗಿ ಡ್ರಮ್ಸ್ ಕೂಡಿಕೊಂಡಾಗ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ.

ಇದಕ್ಕೆ ಪರಿಹಾರ ಹಿಂದಿನಿಂದ ಎಣಿಸುವುದು. ಮೊದಲ ಚರಣ ಶುರುವಾಗುವ ಜಾಗದಲ್ಲಿ 'ಒಂದು' ಸ್ಪಷ್ಟವಾಗಿ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಬಾರ್ (ಇಲ್ಲಿ ನಾಲ್ಕು ಪೆಟ್ಟಿನ ಒಂದು ಗುಂಪು) ಎಣಿಸುತ್ತ ಬನ್ನಿ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸತಲ್ಲ. ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಸಮದಲ್ಲೇ (ತಾಳದ ಮೊದಲ ಪೆಟ್ಟಿನಲ್ಲೇ) ಇರಬೇಕು ಅಂತೇನಿಲ್ಲವಲ್ಲ! ನಮ್ಮ ಬೇಸಿಸ್ಟ್ ಚಿಕ್ಕಂದಿನಲ್ಲಿ ಮೃದಂಗ ಕಲಿತವನು. ಅವನು ತೊಡೆ ಮೇಲೆ ತಾಳ ಹಾಕಿ ತೋರಿಸಿದ ಮೇಲೇ ನನಗೆ ಇದು ಅರ್ಥವಾದದ್ದು.

ಟ್ಯಾಬ್, ಅಂದರೆ ಯಾವ ತಂತಿಯಲ್ಲಿ ಎಲ್ಲಿ ಬೆರಳಿಡಬೇಕು ಅಂತ ತೋರಿಸುವ ಬರಹ, ನೋಡಬೇಡಿ ಅಂತ ಹೇಳುವುದಿಲ್ಲ. ಆದರೆ ಮೊದಲು ಕಿವಿ, ಆಮೇಲೆ ಟ್ಯಾಬ್. ಇಂಟರ್‌ನೆಟ್‌ನಲ್ಲಿ ಸಿಗುವ ಟ್ಯಾಬ್‌ಗಳಲ್ಲಿ ಸ್ವರ ಸರಿ ಇದ್ದರೂ ಕಾಲ ತಪ್ಪಿರುವುದು ತುಂಬಾ ಸಲ ಕಂಡಿದ್ದೇನೆ. ಕಷ್ಟದ ಜಾಗಗಳನ್ನು ಯೂಟ್ಯೂಬ್‌ನಲ್ಲಿ ವೇಗ 0.5ಕ್ಕೆ ಇಳಿಸಿ ಕೇಳಿ. ಶ್ರುತಿ ಬದಲಾಗುವುದಿಲ್ಲ, ಕೈ ಓಡಾಟ ಮಾತ್ರ ನಿಧಾನವಾಗಿ ತೆರೆದುಕೊಳ್ಳುತ್ತದೆ.

ಎಲುಬು ಯಾವುದು, ಮೈ ಯಾವುದು?

ಈಗ ಎರಡೂ ರೆಕಾರ್ಡಿಂಗ್ ಒಂದರ ಹಿಂದೊಂದು ಕೇಳಿ. ಡಿಲನ್ ಇದನ್ನು 1967ರ ನವೆಂಬರ್ 6ರಂದು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿದರು. ಒಂದು ಅಕೌಸ್ಟಿಕ್ ಗಿಟಾರ್, ಒಂದು ಹಾರ್ಮೋನಿಕಾ, ಚಾರ್ಲಿ ಮೆಕಾಯ್ ಅವರ ಬೇಸ್, ಕೆನ್ನಿ ಬಟ್ರಿ ಅವರ ಡ್ರಮ್ಸ್. ಎರಡೂವರೆ ನಿಮಿಷದಲ್ಲಿ ಹಾಡು ಮುಗಿಯಿತು. ಡಿಸೆಂಬರ್ ಕೊನೆಯಲ್ಲಿ 'ಜಾನ್ ವೆಸ್ಲಿ ಹಾರ್ಡಿಂಗ್' ಆಲ್ಬಮ್‌ನಲ್ಲಿ ಅದು ಹೊರಬಂತು. ತಿಂಗಳು ತುಂಬುವ ಮೊದಲೇ, 1968ರ ಜನವರಿ 21ರಂದು, ಹೆಂಡ್ರಿಕ್ಸ್ ಲಂಡನ್‌ನ ಒಲಿಂಪಿಕ್ ಸ್ಟುಡಿಯೋದಲ್ಲಿ ಅದನ್ನು ಕೈಗೆತ್ತಿಕೊಂಡಿದ್ದರು. ಮಿಚ್ ಮಿಚೆಲ್ ಡ್ರಮ್ಸ್, ಡೇವ್ ಮೇಸನ್ ಹನ್ನೆರಡು ತಂತಿಯ ಅಕೌಸ್ಟಿಕ್. ಬೇಸ್ ಹೆಂಡ್ರಿಕ್ಸ್ ತಾವೇ ನುಡಿಸಿದರು. ಆ ಹಾಡು ನಾಲ್ಕು ನಿಮಿಷವಾಯಿತು.

ಕೇಳಿದರೆ ಎರಡೂ ಬೇರೆ ಲೋಕದ ಹಾಡು ಅನ್ನಿಸುತ್ತದೆ. ಆದರೆ ಹಾಳೆ ಮೇಲೆ ಬರೆದು ನೋಡಿ. ಅದೇ ಮೂರು ಚರಣ, ಅದೇ ಕ್ರಮ. ಅದೇ ಮೂರು ಕಾರ್ಡ್‌ಗಳ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸುತ್ತು, ಎರಡೆರಡು ಬಾರ್‌ಗೆ ಒಮ್ಮೆ ತಿರುಗಿ ಬರುತ್ತದೆ. ಹಾಡಿನುದ್ದಕ್ಕೂ ಇನ್ನೊಂದು ಕಾರ್ಡ್ ಬರುವುದೇ ಇಲ್ಲ. ಚರಣಗಳ ನಡುವೆ ಡಿಲನ್ ಹಾರ್ಮೋನಿಕಾ ಊದಿದ ಜಾಗಗಳಲ್ಲೇ ಹೆಂಡ್ರಿಕ್ಸ್ ಗಿಟಾರ್ ಸೋಲೋ, ಅಂದರೆ ಗಿಟಾರ್ ಮುಂದೆ ಬಂದು ನುಡಿಯುವ ಭಾಗ, ಇಟ್ಟಿದ್ದಾರೆ. ಗುರು ಬಿಟ್ಟ ಖಾಲಿ ಜಾಗವನ್ನು ಶಿಷ್ಯ ಹುಡುಕಿ ತುಂಬಿದ್ದಾರೆ, ಹೊಸ ಜಾಗ ಅಗೆಯಲಿಲ್ಲ. ಇದು ಗಮನಕ್ಕೆ ಬಂದ ದಿನ ನನಗೆ ಕವರ್ ಅಂದರೇನು ಅಂತ ಗೊತ್ತಾಯಿತು.

ನಿಮ್ಮ ಹಾಡಿಗೂ ಹೀಗೇ ಎರಡು ಪಟ್ಟಿ ಮಾಡಿ. ತೆಗೆದರೆ ಹಾಡೇ ಸಾಯುವಂಥದ್ದು ಒಂದು ಕಡೆ, ಅದು ಎಲುಬು. ಬದಲಿಸಿದರೂ ಹಾಡು ಉಳಿಯುವಂಥದ್ದು ಇನ್ನೊಂದು ಕಡೆ, ಅದು ಮೈ. ಎಲುಬಿನ ಪಟ್ಟಿ ನಾಲ್ಕು ಸಾಲಿಗಿಂತ ಉದ್ದವಾದರೆ ನೀವು ಇನ್ನೂ ಹಾಡನ್ನು ಆರಾಧಿಸುತ್ತಿದ್ದೀರಿ, ಕೇಳುತ್ತಿಲ್ಲ.

ಶ್ರುತಿ ಮತ್ತು ವೇಗ

ಡಿಲನ್ ಗಿಟಾರ್ ಕತ್ತಿನ ನಾಲ್ಕನೇ ಫ್ರೆಟ್‌ಗೆ (ಅಡ್ಡಪಟ್ಟಿಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್, ಹಾಕಿ ಎ ಮೈನರ್, ಜಿ, ಎಫ್, ಮತ್ತೆ ಜಿ ಹಿಡಿದಿದ್ದಾರೆ. ಕೇಳುವಾಗ ಅದು ಸಿ ಶಾರ್ಪ್ ಮೈನರ್. ಹೆಂಡ್ರಿಕ್ಸ್ ತಂತಿಗಳನ್ನೆಲ್ಲ ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿಕೊಂಡು, ಸಿ ಶಾರ್ಪ್ ಮೈನರ್‌ನ ಜಾಗದಲ್ಲೇ ಕೈ ಇಟ್ಟಿದ್ದಾರೆ. ಕೇಳುವಾಗ ಸಿ ಮೈನರ್. ಶ್ರುತಿ ಪೆಟ್ಟಿಗೆಯ ಲೆಕ್ಕದಲ್ಲಿ ಹೇಳುವುದಾದರೆ ಡಿಲನ್ ಒಂದೂವರೆ ಮನೆ, ಹೆಂಡ್ರಿಕ್ಸ್ ಒಂದು ಮನೆ.

ನಿಮ್ಮ ಹಾಡುವವರಿಗೆ ಯಾವ ಮನೆ ಹಿತವೋ ಅದನ್ನೇ ಇಟ್ಟುಕೊಳ್ಳಿ. ನಾವು ಕೊನೆಗೆ ಎ ಮೈನರ್‌ಗೆ ಬಂದೆವು, ಕೇಪೋ ಇಲ್ಲ, ತಂತಿ ಇಳಿಸೋದೂ ಇಲ್ಲ. ದನಿ ತಾನಾಗಿ ಬಂತು. ಗಿಟಾರಿಸ್ಟ್‌ಗೆ ಸ್ವಲ್ಪ ಬೇಸರವಾಯಿತು, ಮೂಲದ ಹಿಡಿತಗಳು ಕೈತಪ್ಪಿದವು ಅಂತ. ಆದರೆ ಬೆರಳು ಹೊಸ ಜಾಗ ಕಲಿಯುತ್ತದೆ, ಗಂಟಲಿಗೆ ಹೊಸ ಎತ್ತರ ಕಲಿಸೋದು ಕಷ್ಟ.

ವೇಗಕ್ಕೆ ಫೋನ್‌ನ ಮೆಟ್ರೋನೋಮ್ ಆ್ಯಪ್ ಸಾಕು. ಹಾಡಿನ ಜೊತೆ ಬೆರಳು ತಟ್ಟಿದರೆ ಅದೇ ಅಂಕೆ ತೋರಿಸುತ್ತದೆ. ಹೆಂಡ್ರಿಕ್ಸ್‌ದು ನಿಮಿಷಕ್ಕೆ ಸುಮಾರು 113 ಬಡಿತ ಬರುತ್ತದೆ. ಆ ಅಂಕೆಯನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ, ಮುಂದೆ ಬೇಕಾಗುತ್ತದೆ.

ಜ್ಯಾಮ್‌ರೂಮ್‌ನಲ್ಲಿ

ಜ್ಯಾಮ್‌ರೂಮ್ ಬಾಡಿಗೆ ಗಂಟೆ ಲೆಕ್ಕ. ಹಾಗಾಗಿ ಅಲ್ಲಿ ಕಲಿಯಲು ಹೋಗಬೇಡಿ, ಕಲಿತದ್ದನ್ನು ಸೇರಿಸಲು ಹೋಗಿ. ಮೊದಲು ಬರೀ ಡ್ರಮ್ಸ್ ಮತ್ತು ಬೇಸ್, ಹತ್ತು ನಿಮಿಷ. ಆಮೇಲೆ ರಿದಮ್ ಗಿಟಾರ್ ಸೇರಲಿ. ಆಮೇಲೆ ದನಿ. ಸೋಲೋ ನುಡಿಸುವವರು ಕೊನೆಗೆ. ಅವರಿಗೆ ಕಾಯುವುದು ಕಷ್ಟ, ಆದರೂ ಕಾಯಲಿ.

ನಮ್ಮ ಮೊದಲ ದಿನ ಹೀಗಿತ್ತು. ಕಿಟಕಿ ಇಲ್ಲದ ಕೋಣೆ, ಗೋಡೆಗೆಲ್ಲ ಫೋಮ್, ಮೂಲೆಯಲ್ಲಿ ಗುಂಯ್ ಅನ್ನುವ ಆಂಪ್. ನುಡಿಸಿ ಮುಗಿಸಿದೆವು. ಎಲ್ಲರ ಮುಖದಲ್ಲೂ ಖುಷಿ. "ಸೂಪರ್ ಮಗಾ, ಬಂದೇಬಿಡ್ತು!" ಅಂದ ಹಾಡುಗಾರ. ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ಹೊರಗೆ ಟೀ ಅಂಗಡಿಯಲ್ಲಿ ನಿಂತು ಕೇಳಿದೆವು. ಮೊದಲ ಚರಣ ಚೆನ್ನಾಗಿತ್ತು. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಏನೋ ಆತುರ. ಆ್ಯಪ್ ತೆಗೆದು ಬೆರಳು ತಟ್ಟಿದೆ. ಶುರುವಿನಲ್ಲಿ 113, ಅಲ್ಲಿ 124. ಡ್ರಮ್ಮರ್ ಟೀ ಲೋಟ ಕೆಳಗಿಟ್ಟು ಮತ್ತೊಮ್ಮೆ ಹಾಕು ಅಂದ. ಎರಡನೇ ಸಲ ಕೇಳಿ ಅವನೇ ಹೇಳಿದ: "ಸೋಲೋ ಜೋರಾದಾಗ ನಾನೂ ಓಡ್ತಿದ್ದೀನಿ ಗುರು. ಜೋರು ಬೇರೆ, ಬೇಗ ಬೇರೆ ಅಲ್ವಾ?"

ಆ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ರಾಕ್ ಬ್ಯಾಂಡ್‌ಗಳಲ್ಲಿ ಅರ್ಧ ತೊಂದರೆ ಇದೇ. ಮುಂದಿನ ಮೂರು ವಾರ ಡ್ರಮ್ಮರ್ ಇಯರ್‌ಫೋನ್‌ನಲ್ಲಿ ಮೆಟ್ರೋನೋಮ್‌ನ ಕ್ಲಿಕ್ ಹಾಕಿಕೊಂಡು ನುಡಿಸಿದ. ನಾಲ್ಕನೇ ವಾರ ಕ್ಲಿಕ್ ತೆಗೆದೆವು. ಆಗ 113ರಿಂದ 115ರ ಒಳಗೆ ನಿಂತಿತು. ಅಷ್ಟು ಏರಿಳಿತ ಇರಲಿ, ಮನುಷ್ಯರು ನುಡಿಸುವುದು ತಾನೇ.

ಪ್ರತಿ ಸಲವೂ ರೆಕಾರ್ಡ್ ಮಾಡಿ, ಪ್ರತಿ ಸಲವೂ ಕೋಣೆಯಿಂದ ಹೊರಗೆ ಬಂದು ಕೇಳಿ. ನುಡಿಸುತ್ತಿರುವಾಗ ಕಿವಿ ನಮ್ಮ ಪರವಾಗಿಯೇ ಇರುತ್ತದೆ.

ನಡುವಿನ ಉದ್ದದ ಸೋಲೋ ಬಗ್ಗೆ ಎರಡು ಮಾತು. ಅದು ಒಂದೇ ಸೋಲೋ ಅಲ್ಲ, ನಾಲ್ಕು ತುಂಡು. ಮೊದಲು ಹಾಡುವಂಥ ಲೀಡ್. ಆಮೇಲೆ ತೇಲುವ ಸ್ಲೈಡ್, ತಂತಿ ಮೇಲೆ ಗಟ್ಟಿ ವಸ್ತು ಜಾರಿಸಿ ನುಡಿಸುವುದು. ಆಮೇಲೆ ವಾ ಪೆಡಲ್, ಗಿಟಾರ್ ಮಾತಾಡಿದ ಹಾಗೆ. ಕೊನೆಗೆ ಕಾರ್ಡ್‌ಗಳ ಬಡಿತ, ಅದು ಮೂರನೇ ಚರಣದ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ. ಪ್ರತಿ ತುಂಡಿಗೂ ಬೇರೆ ಸದ್ದು, ಬೇರೆ ಮನಸ್ಸು. ಒಂದೊಂದು ತುಂಡು ಕಾರ್ಡ್‌ಗಳ ಎಷ್ಟು ಸುತ್ತು ಅಂತ ಎಣಿಸಿಕೊಳ್ಳಿ. ನಾಲ್ಕೂ ಬರದಿದ್ದರೆ ಎರಡನ್ನೇ ಇಟ್ಟುಕೊಳ್ಳಿ, ಆದರೆ ಆ ಎರಡು ಒಂದಕ್ಕೊಂದು ಬೇರೆಯಾಗಿರಲಿ. ಸುಮ್ನೆ ಬೆರಳು ಓಡಿಸಿ ಎರಡು ನಿಮಿಷ ತುಂಬಿಸಿದರೆ ಕೇಳುವವರು ಫೋನ್ ತೆಗೆಯುತ್ತಾರೆ.

ಒಂದೇ ಗಿಟಾರ್ ಇರುವ ಬ್ಯಾಂಡ್ ಆದರೆ ಚಿಂತೆ ಬೇಡ. 1970ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ಉತ್ಸವದಲ್ಲಿ ಹೆಂಡ್ರಿಕ್ಸ್ ಈ ಹಾಡನ್ನು ಮೂವರೇ ನಿಂತು ನುಡಿಸಿದ ರೆಕಾರ್ಡಿಂಗ್ ಸಿಗುತ್ತದೆ. ಹನ್ನೆರಡು ತಂತಿಯ ಅಕೌಸ್ಟಿಕ್ ಇಲ್ಲ. ಇರುವುದು ಒಂದು ಗಿಟಾರ್, ಬಿಲ್ಲಿ ಕಾಕ್ಸ್ ಅವರ ಬೇಸ್, ಮಿಚೆಲ್ ಅವರ ಡ್ರಮ್ಸ್. ಅದನ್ನು ಕೇಳಿದರೆ ಏನನ್ನು ಬಿಡಬಹುದು ಅಂತ ತಾನಾಗಿ ಗೊತ್ತಾಗುತ್ತದೆ.

ಇನ್ನು ಒಂದು ಭಾಗ ನಿಮ್ಮ ಕೈಗೆ ಬರುವುದೇ ಇಲ್ಲ ಅಂತಾದರೆ, ಬರುವವರನ್ನು ಕರೆಯಿರಿ. ಇದರಲ್ಲಿ ಸೋಲು ಏನೂ ಇಲ್ಲ. 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕದ ನಿರ್ವಾಣ ಬ್ಯಾಂಡ್ ಎಂಟಿವಿಗಾಗಿ ಅನ್‌ಪ್ಲಗ್ಡ್, ಅಂದರೆ ಅಕೌಸ್ಟಿಕ್ ಧಾಟಿಯ, ಕಾರ್ಯಕ್ರಮ ಮಾಡಿತು. ತಮಗೆ ಇಷ್ಟವಾದ ಮೀಟ್ ಪಪೆಟ್ಸ್ ಬ್ಯಾಂಡ್‌ನ ಮೂರು ಹಾಡು ಆರಿಸಿಕೊಂಡಿದ್ದರು. ಆ ಬ್ಯಾಂಡ್‌ನ ಕರ್ಟ್ ಮತ್ತು ಕ್ರಿಸ್ ಕರ್ಕ್‌ವುಡ್ ಸಹೋದರರನ್ನೇ ವೇದಿಕೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಿರ್ವಾಣದ ಹಾಡುಗಾರ ಕರ್ಟ್ ಕೊಬೇನ್ ಗಿಟಾರ್ ಪಕ್ಕಕ್ಕಿಟ್ಟು ಬರೀ ಹಾಡಿದರು. ಆಗ ಜಗತ್ತಿನಲ್ಲೇ ದೊಡ್ಡ ಹೆಸರಿನ ಬ್ಯಾಂಡ್ ನಿರ್ವಾಣ! ಅವರು ಕೂತಿರುವ ರೀತಿಯಲ್ಲೇ ಪ್ರೀತಿ ಕಾಣುತ್ತದೆ. ಆ ವಿಡಿಯೋ ನೋಡುವಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಏನನ್ನು ನಿಮ್ಮದಾಗಿಸಬೇಕು?

ಮೂಲದಂತೆಯೇ ಒಮ್ಮೆ ಪೂರ್ತಿ ನುಡಿಸಲು ಬಂದ ಮೇಲೆ ಮಾತ್ರ ಬದಲಾವಣೆಗೆ ಕೈಹಾಕಿ. ಬಾರದ್ದನ್ನು ಮುಚ್ಚಲು ಮಾಡಿದ ಬದಲಾವಣೆ ಕೇಳುವವರಿಗೆ ಗೊತ್ತಾಗಿಬಿಡುತ್ತದೆ.

ಒಂದು ಸಲಕ್ಕೆ ಒಂದೇ ಬದಲಿಸಿ. ನಾವು ಮೊದಲು ಶುರುವನ್ನು ಬದಲಿಸಿದೆವು: ಅಕೌಸ್ಟಿಕ್ ಬಡಿತ ತೆಗೆದು ಬೇಸ್ ಒಂದರಿಂದಲೇ ಆರಂಭ. ಇದು ನಿಂತಿತು. ಆಮೇಲೆ ಎರಡನೇ ಚರಣದಲ್ಲಿ ಡ್ರಮ್ಸ್ ತೆಗೆದು ನೋಡಿದೆವು. ಅದು ಬಿದ್ದುಹೋಯಿತು, ಹಾಡಿನ ಓಟವೇ ನಿಂತಂತಾಯಿತು. ವಾಪಸ್ ಹಾಕಿದೆವು. ಹೀಗೆ ಇಟ್ಟು ತೆಗೆದು ನೋಡುವುದರಲ್ಲೇ ನಾಲ್ಕು ತಿಂಗಳಲ್ಲಿ ಎರಡು ತಿಂಗಳು ಹೋಯಿತು. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ದಿನಗಳೂ ಅವೇ.

ನಮ್ಮ ನಾಡಿನಲ್ಲಿ ಇದು ಹಳೆಯ ಅಭ್ಯಾಸ ಅಲ್ವಾ? ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಭಜನೆ ಮೇಳಗಳಲ್ಲೂ ಇದೆ, ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಲ್ಲಿ ಗಿಟಾರ್, ಡ್ರಮ್ಸ್ ಜೊತೆಗೂ ಇದೆ. ಸಾಲುಗಳು ಅವೇ, ಸದ್ದು ಬೇರೆ.

ಡಿಲನ್ ಕಥೆಯ ಮುಂದಿನ ಭಾಗವೂ ಗೊತ್ತಿರಲಿ. ಅವರು ಈ ಹಾಡನ್ನು ವೇದಿಕೆ ಮೇಲೆ ಮೊದಲು ಹಾಡಿದ್ದು 1974ರಲ್ಲಿ. ಅಷ್ಟರಲ್ಲಿ ಹೆಂಡ್ರಿಕ್ಸ್ ತೀರಿಕೊಂಡು ಮೂರು ವರ್ಷ ದಾಟಿತ್ತು. ಡಿಲನ್ ನುಡಿಸಿದ್ದು ಮಾತ್ರ ತಮ್ಮ ಹಳೆಯ ಮೆಲುದನಿಯಲ್ಲಲ್ಲ, ಹೆಂಡ್ರಿಕ್ಸ್ ದಾರಿಯಲ್ಲಿ, ಎಲೆಕ್ಟ್ರಿಕ್ ಅಬ್ಬರದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎರಡು ಸಾವಿರಕ್ಕೂ ಹೆಚ್ಚು ಸಲ ಹಾಡಿದ್ದಾರೆ.

ಅನುಮತಿಯ ವಿಷಯ

ಹೋಟೆಲ್, ಪಬ್, ಕಾಲೇಜ್ ಫೆಸ್ಟ್‌ಗಳಲ್ಲಿ ಲೈವ್ ನುಡಿಸುವಾಗ ಹಾಡು ಬರೆದವರ ಹಕ್ಕಿನ ಲೈಸೆನ್ಸ್ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಸ್ಥೆಯಿಂದ ಬರುತ್ತದೆ. ಸಾಮಾನ್ಯವಾಗಿ ಅದನ್ನು ಮಾಡಿಸುವುದು ಜಾಗದವರು ಅಥವಾ ಆಯೋಜಕರು. ಒಪ್ಪಿಕೊಳ್ಳುವ ಮೊದಲು "ಮಾಡಿಸಿದ್ದೀರಾ ಸರ್?" ಅಂತ ಕೇಳಿಬಿಡಿ.

ರೆಕಾರ್ಡ್ ಮಾಡಿ ಬಿಡುಗಡೆ ಮಾಡುವುದಾದರೆ ನಮ್ಮ ಕಾಪಿರೈಟ್ ಕಾಯ್ದೆಯ 31ಸಿ ಕಲಂ ನೋಡಬೇಕು. ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಮೊದಲೇ ತಿಳಿಸಿ ರಾಯಲ್ಟಿ ಕಟ್ಟಬೇಕು. ಅದು ಕವರ್ ಅಂತ ಹೊದಿಕೆಯ ಮೇಲೆ ಬರೆದಿರಬೇಕು. ವಿಡಿಯೋಗೆ ಬೇರೆ ಅನುಮತಿ ಬೇಕು. ಯೂಟ್ಯೂಬ್‌ಗೆ ಹಾಕಿದರೆ ಅದರ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ಗುರುತಿಸಿ ಜಾಹೀರಾತಿನ ಹಣವನ್ನು ಹಕ್ಕುದಾರರಿಗೆ ಕಳಿಸಬಹುದು, ಇಲ್ಲವೇ ವಿಡಿಯೋ ತಡೆಯಬಹುದು. ಇಂಗ್ಲಿಷ್ ಹಾಡಿಗೆ ಕನ್ನಡ ಸಾಹಿತ್ಯ ಹಾಕುವ ಆಸೆ ಎಷ್ಟೋ ಜನಕ್ಕಿದೆ, ನನಗೂ ಇದೆ. ಆದರೆ ಅನುವಾದದ ಹಕ್ಕು ಮೂಲ ಹಕ್ಕುದಾರರದ್ದು. ಮನೆಯಲ್ಲಿ ಹಾಡಿಕೊಳ್ಳಿ, ಹೊರಗೆ ಬಿಡುವ ಮೊದಲು ಬರವಣಿಗೆಯಲ್ಲಿ ಅನುಮತಿ ಪಡೆಯಿರಿ.

ಕೊನೆಗೆ: ಮುಗಿಸುವುದು

ಹೆಂಡ್ರಿಕ್ಸ್ ರೆಕಾರ್ಡಿಂಗ್ ಮುಗಿಯುವುದೇ ಇಲ್ಲ. ಗಿಟಾರ್ ಮೇಲೇರುತ್ತಿರುವಾಗಲೇ ಸದ್ದು ಮೆಲ್ಲಗೆ ಕರಗಿಹೋಗುತ್ತದೆ. ಸ್ಟುಡಿಯೋದಲ್ಲಿ ಅದು ಸಾಧ್ಯ. ವೇದಿಕೆ ಮೇಲೆ ನಾಲ್ಕು ಜನ ಒಟ್ಟಿಗೆ ಕರಗಲು ಆಗುವುದಿಲ್ಲ. ಹಾಗಾಗಿ ಕೊನೆಯನ್ನು ನೀವೇ ಕಟ್ಟಬೇಕು. ಇದನ್ನು ಮರೆತ ಬ್ಯಾಂಡ್‌ಗಳು ಕೊನೆಯ ಅರ್ಧ ನಿಮಿಷ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತವೆ.

ಯಾರು ಸನ್ನೆ ಮಾಡಬೇಕು ಅಂತ ಮೊದಲೇ ತೀರ್ಮಾನಿಸಿ. ನಮ್ಮಲ್ಲಿ ಡ್ರಮ್ಮರ್. ಸೋಲೋ ಮುಗಿಯುತ್ತ ಬಂದಾಗ ಅವನು ಬಲಗೈ ಕಡ್ಡಿ ಮೇಲೆತ್ತುತ್ತಾನೆ. ಅಲ್ಲಿಂದ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರೂ ಪೂರ್ತಿ ಜೋರು. ಎರಡನೇ ಸುತ್ತಿನಲ್ಲಿ ಬೇಸ್ ಒಂದೇ, ನಾವು ಶುರು ಮಾಡಿದ ಹಾಗೆ. ಎ, ಜಿ, ಎಫ್, ಜಿ. ಮತ್ತೆ 'ಒಂದು' ಬಂದಾಗ ನಾಲ್ಕೂ ಜನ ಒಟ್ಟಿಗೆ ಒಂದು ಎ ಮೈನರ್, ಕೂಡಲೇ ಅಂಗೈಯಿಂದ ತಂತಿ ಮುಚ್ಚುವುದು. ಡ್ರಮ್ಮರ್ ಸಿಂಬಲ್‌ನ ಅಂಚು ಹಿಡಿದು ಅದರ ಸದ್ದನ್ನೂ ನಿಲ್ಲಿಸುತ್ತಾನೆ.

ಇಷ್ಟನ್ನೇ ನಾವು ಒಂದು ಶನಿವಾರ ಮಧ್ಯಾಹ್ನ ನಲವತ್ತು ಸಲ ನುಡಿಸಿದೆವು.